ಸ್ಕೂಲಿನ ಖರ್ಚಿಗೆ ಮಿತಿ ಇದ್ದರೂ ಮನೆ ತೆರಿಗೆ ಏರುವುದೇಕೆ?

ಪ್ರಶ್ನೆ: ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ತಿರ ಮನೆ ಕೊಂಡಿದ್ದಾನೆ. ಡಿಸೆಂಬರ್‌ನಲ್ಲಿ ನಾವು ಅಲ್ಲಿದ್ದಾಗ ಮನೆ ತೆರಿಗೆಯ ಬಿಲ್ ಬಂತು. ಅದರಲ್ಲಿ ದೊಡ್ಡ ಪಾಲು ಸ್ಕೂಲಿಗೆ. ಸ್ಕೂಲುಗಳಿಗೆ ರಾಜ್ಯ ಸರ್ಕಾರ ಮಿತಿ ಹಾಕಿದೆ ಅಂತಲೂ ಹೇಳಿದ. ಮಿತಿ ಇದ್ದ ಮೇಲೆ ತೆರಿಗೆ ಏಕೆ ಏರುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೈಸೂರಿನಲ್ಲಿ ನೀವು ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೀರಿ. ಆದರೆ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ಅದರಿಂದ ಬರುವುದಿಲ್ಲ. ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಬರುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮುಖ್ಯವಾಗಿ ನಡೆಯುವುದು ಎರಡು ದುಡ್ಡಿನಿಂದ: ರಾಜ್ಯ ಕೊಡುವ ಸಾಮಾನ್ಯ ನೆರವು, ಊರಿನ ಆಸ್ತಿ ತೆರಿಗೆ. 1993ರಲ್ಲಿ ಬಂದ ಕಾನೂನು ಈ ಎರಡನ್ನೂ ಕೂಡಿಸಿ, ಒಬ್ಬ ವಿದ್ಯಾರ್ಥಿಗೆ ಇಷ್ಟೇ ಎಂದು ಗೆರೆ ಎಳೆಯಿತು. ಮಿತಿ ಇರುವುದು ಆ ಮೊತ್ತಕ್ಕೆ. ಅದರಲ್ಲಿ ರಾಜ್ಯದ ಪಾಲು ಜಾಸ್ತಿಯಾದರೆ ಸ್ಕೂಲಿಗೆ ಒಂದು ಸೆಂಟೂ ಹೆಚ್ಚು ಸಿಗುವುದಿಲ್ಲ, ನಿಮ್ಮ ಮಗನ ತೆರಿಗೆ ಇಳಿಯುತ್ತದೆ. ರಾಜ್ಯ ಕೈ ಬಿಗಿ ಹಿಡಿದರೆ ಉಳಿದದ್ದು ಮನೆಗಳ ತಲೆಗೆ.

ನಾನು ಈ ರಾಜ್ಯದಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತಳಾದವಳು. ಡಿಸೆಂಬರ್ ಬಂತೆಂದರೆ ನಮ್ಮ ಕನ್ನಡದ ಹುಡುಗರ ಫೋನು ಶುರು. "ಅಕ್ಕಾ, ಮನೆ ಬೆಲೆ ಏರಿಸಿಬಿಟ್ಟಿದ್ದಾರೆ, ಅದಕ್ಕೇ ಸ್ಕೂಲ್ ತೆರಿಗೆ ಜಾಸ್ತಿ." ಹಾಗಲ್ಲ ಕಣಪ್ಪಾ. ಸ್ಕೂಲಿಗೆ ಎಷ್ಟು ಎತ್ತಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಮನೆಯ ಬೆಲೆ ನೋಡುವುದು ಅದನ್ನು ಹಂಚುವುದಕ್ಕೆ. ಊರಲ್ಲಿ ಎಲ್ಲರ ಮನೆಯೂ ಒಂದೇ ಸಮ ಏರಿದರೆ ದರ ತಾನಾಗಿ ಇಳಿಯುತ್ತದೆ. ನಿಮ್ಮದು ಬೇರೆಯವರದ್ದಕ್ಕಿಂತ ಜಾಸ್ತಿ ಏರಿದರೆ ಮಾತ್ರ ನಿಮ್ಮ ಪಾಲು ಹಿಗ್ಗುತ್ತದೆ.

ಈಗ ಏರುತ್ತಿರುವುದಕ್ಕೆ ಒಂದು ಮಜಾ ಕಥೆ ಇದೆ. ಮೊದಲು ಈ ಮಿತಿ ಬೆಲೆಯೇರಿಕೆಯ ಜೊತೆ ತಾನೇ ಏರುತ್ತಿತ್ತು. 2009ರಲ್ಲಿ ಅದನ್ನು ತೆಗೆದರು. 2011ರಲ್ಲಿ ಮಿತಿಯನ್ನೇ ಶೇ. 5.5ರಷ್ಟು ಕಡಿದರು. 2021ರಿಂದ ಎರಡು ವರ್ಷ ಏರಿಕೆ ಸೊನ್ನೆ. 2023ರಲ್ಲಿ ಶಾಸಕರು 2023-24 ಮತ್ತು 2024-25ಕ್ಕೆ ಮಾತ್ರ ವಿದ್ಯಾರ್ಥಿಗೆ ವರ್ಷಕ್ಕೆ 325 ಡಾಲರ್ ಏರಿಸಿ ಬಜೆಟ್ ಕಳಿಸಿದರು. ಗವರ್ನರ್ ಟೋನಿ ಎವರ್ಸ್ ಹಳೇ ಮೇಷ್ಟ್ರು. ಇಲ್ಲಿನ ಗವರ್ನರ್ ಬಜೆಟ್ಟಿನ ಪದಗಳ, ಅಂಕಿಗಳ ಮೇಲೆ ಗೆರೆ ಹೊಡೆಯಬಹುದು. ಅವರು "2024-25"ರಲ್ಲಿ 20 ಹೊಡೆದರು, ನಡುವಿನ ಅಡ್ಡಗೆರೆ ಹೊಡೆದರು. ಉಳಿದದ್ದು 2425! ಅಂದರೆ ನಾನೂರು ವರ್ಷ, ಪ್ರತಿ ವರ್ಷ 325 ಡಾಲರ್ ಏರಿಕೆ. ಇದನ್ನು ಪ್ರಶ್ನಿಸಿ ತೆರಿಗೆ ಕಟ್ಟುವ ಕೆಲವರು ಕೋರ್ಟಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ ಸರಿ ಎಂದಿತು.

ಶಾಸಕರೂ ಸುಮ್ಮನಿರಲಿಲ್ಲ. 2025ರ ಬಜೆಟ್‌ನಲ್ಲಿ ವಿಶೇಷ ಶಿಕ್ಷಣಕ್ಕೆ ದುಡ್ಡು ಏರಿಸಿದರು, ಆದರೆ ಸಾಮಾನ್ಯ ನೆರವು ಏರಿಸಲಿಲ್ಲ. ಮಿತಿ 325 ಏರಿತು, ರಾಜ್ಯದ ಪಾಲು ನಿಂತಲ್ಲೇ ನಿಂತಿತು. ಯಾರು ಕಟ್ಟಬೇಕು ಹೇಳಿ?

ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳೋಣ. 5,000 ಮಕ್ಕಳು. ಒಟ್ಟು ಆಸ್ತಿ ಬೆಲೆ 500 ಕೋಟಿ ಡಾಲರ್. 325 ಡಾಲರ್‌ನಂತೆ 16,25,000 ಡಾಲರ್ ಎತ್ತಬೇಕು. ರಾಜ್ಯ ಏನೂ ಕೊಡದಿದ್ದರೆ 4 ಲಕ್ಷ ಡಾಲರ್ ಮನೆಯವರಿಗೆ ಒಂದೇ ವರ್ಷಕ್ಕೆ 130 ಡಾಲರ್ ಜಾಸ್ತಿ. ಮುಂದಿನ ವರ್ಷವೂ ರಾಜ್ಯ ಕೈ ಎತ್ತಿದರೆ ಅದರ ಮೇಲೆ ಇನ್ನೊಂದು 130.

ನನಗೆ ಇದಕ್ಕಿಂತ ಬೇಜಾರು ಇನ್ನೊಂದು ಸಂಗತಿ. 1993ರಲ್ಲಿ ಮಿತಿ ಹಾಕುವಾಗ ಆಯಾ ಊರು ಆಗ ಎಷ್ಟು ಖರ್ಚು ಮಾಡುತ್ತಿತ್ತೋ ಅದನ್ನೇ ಬುನಾದಿ ಮಾಡಿದರು. ಕೈ ಹಿಡಿತದಲ್ಲಿ ನಡೆಸಿದ್ದ ಊರಿನ ಮಕ್ಕಳು ಇವತ್ತಿಗೂ ಕಡಿಮೆಯಲ್ಲೇ ಇದ್ದಾರೆ. ತೀರಾ ಕೆಳಗಿದ್ದವರಿಗೆ 2023ರಲ್ಲಿ 11,000 ಡಾಲರ್ ತನಕ ಏರಲು ಅವಕಾಶ ಕೊಟ್ಟರು. ಆಗ ದುಂದು ಮಾಡಿದ್ದವರು ಮಾತ್ರ ಮೊದಲಿನಿಂದಲೂ ಮೇಲೆಯೇ. ಇದ್ಯಾವ ನ್ಯಾಯ, ಅಲ್ವಾ?

ಪ್ರಶ್ನೆ: ಮಿತಿ ಸಾಲದಿದ್ದರೆ ಸ್ಕೂಲು ಏನು ಮಾಡುತ್ತದೆ?
– ಅದೇ ಓದುಗರು

ಉತ್ತರ: ಜನರನ್ನೇ ಕೇಳುತ್ತದೆ. ಚುನಾವಣೆಯ ಚೀಟಿಯಲ್ಲಿ "ಮಿತಿ ದಾಟಿ ಇಷ್ಟು ಎತ್ತಬಹುದೇ?" ಎಂದು ಪ್ರಶ್ನೆ ಇರುತ್ತದೆ. ಇದಕ್ಕೆ ರೆಫರೆಂಡಮ್ ಅನ್ನುತ್ತಾರೆ. 2024ರ ಏಪ್ರಿಲ್‌ನಲ್ಲಿ ಇದೇ ರಾಜ್ಯದ ಮಿಲ್ವಾಕಿ ನಗರದವರು 25.2 ಕೋಟಿ ಡಾಲರ್‌ಗೆ ಕೂದಲೆಳೆಯಲ್ಲಿ ಒಪ್ಪಿದರು. ಅದೇ ನವೆಂಬರ್‌ನಲ್ಲಿ ಮ್ಯಾಡಿಸನ್ ಜನ ದಿನನಿತ್ಯದ ಖರ್ಚಿಗೆ 10 ಕೋಟಿ, ಕಟ್ಟಡಗಳಿಗೆ 50.7 ಕೋಟಿ, ಎರಡಕ್ಕೂ ಹೂಂ ಎಂದರು. ಮಗನ ಮನೆ ಮ್ಯಾಡಿಸನ್ ಡಿಸ್ಟ್ರಿಕ್ಟಿನೊಳಗಿದ್ದರೆ ಅದೂ ಬಿಲ್ಲಿನಲ್ಲಿ ಸೇರಿದೆ. ಎಚ್-1ಬಿ ವೀಸಾದಲ್ಲಿರುವ ನಮ್ಮ ಮಕ್ಕಳು ತೆರಿಗೆ ಪೂರ್ತಿ ಕಟ್ಟುತ್ತಾರೆ, ಇಲ್ಲಿ ಓಟು ಹಾಕುವಂತಿಲ್ಲ. ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಮಾತಾಡಬಹುದು, ಅದಕ್ಕೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ನಮ್ಮವರು ಹೋಗುವುದೇ ಅಪರೂಪ.

ಪ್ರಶ್ನೆ: ತೆರಿಗೆ ಸ್ವಲ್ಪವಾದರೂ ತಗ್ಗಿಸುವ ದಾರಿ?

ಉತ್ತರ: ಬಿಲ್ಲಿನಲ್ಲಿ ಲಾಟರಿ ಕ್ರೆಡಿಟ್ ಎಂಬ ಸಾಲು ಇದೆಯೇ ನೋಡಲು ಹೇಳಿ. ರಾಜ್ಯದ ಲಾಟರಿ ಲಾಭದಲ್ಲಿ ಬರುವ ರಿಯಾಯಿತಿ ಅದು. ಸ್ವಂತ ವಾಸದ ಮನೆಗೆ ಮಾತ್ರ, ಬಿಲ್ ಬಂದ ವರ್ಷದ ಜನವರಿ 1ಕ್ಕೆ ಮನೆ ಅವರದಾಗಿರಬೇಕು. ಅದು ತಾನಾಗಿ ಬರುವುದಿಲ್ಲ, ಒಂದು ಸಲ ಅರ್ಜಿ ಹಾಕಬೇಕು. ಹೊಸದಾಗಿ ಮನೆ ಕೊಂಡವರು ಇದನ್ನೇ ಮರೆಯುತ್ತಾರೆ. ಮೊತ್ತ ಸಣ್ಣದು. ಮೊದಲ ಕಂತು ಜನವರಿ 31ರೊಳಗೆ ಕಟ್ಟಬೇಕು, ಅದಕ್ಕೆ ಮೊದಲೇ ಕೌಂಟಿ (ಅಂದರೆ ಜಿಲ್ಲಾ) ಕಚೇರಿಗೆ ಫೋನು ಮಾಡಿ ಕೇಳಿ, ಅರ್ಜಿ ಹಾಕಲು ಹೇಳಿ.