ಕಂಪ್ಯೂಟರ್ ಹ್ಯಾಂಡ್‌ಬೆಲ್: ಕೆಳಗಿನ ಕೀಗಳು ಏಕೆ ಮೌನ?

ಸಂಗೀತ ಮತ್ತು ತಂತ್ರಜ್ಞಾನ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಭಾಷೆಗಳ ಕೀರ್ತನೆಗಳನ್ನು ಹಾಡುತ್ತೇವೆ. ಈ ಸಲದ ಕ್ರಿಸ್‌ಮಸ್ ಆರಾಧನೆಗೆ ಹ್ಯಾಂಡ್‌ಬೆಲ್ (ಒಂದೊಂದು ಸ್ವರಕ್ಕೆ ಒಂದೊಂದರಂತೆ ಇರುವ, ಕೈಯಲ್ಲಿ ಹಿಡಿದು ಬೀಸಿ ನುಡಿಸುವ ಗಂಟೆ) ನಾದ ಇರಲಿ ಎಂದು ಯುವಜನರ ತಂಡ ಬಯಸಿದೆ. ನಿಜವಾದ ಗಂಟೆಗಳ ಸೆಟ್ ಕೊಳ್ಳುವ ಶಕ್ತಿ ನಮಗಿಲ್ಲದ್ದರಿಂದ ಲ್ಯಾಪ್‌ಟಾಪಿಗೆ ಸ್ಯಾಂಪಲ್ ಮಾಡಿದ ಹ್ಯಾಂಡ್‌ಬೆಲ್ ವಾದ್ಯವೊಂದನ್ನು ಹಾಕಿಕೊಂಡು 61 ಕೀಗಳ ಕೀಬೋರ್ಡ್ ಜೋಡಿಸಿದ್ದೇವೆ. ಬಲಗೈಯ ಸ್ವರಗಳು ಚೆನ್ನಾಗಿವೆ. ಎಡಗೈಯಲ್ಲಿ ಬಾಸ್ ನುಡಿಸಲು ಹೋದರೆ ಕೆಳಗಿನ ಹಲವು ಕೀಗಳು ಸದ್ದೇ ಮಾಡುವುದಿಲ್ಲ. ಅವುಗಳಲ್ಲಿ ಕೆಲವನ್ನು ಒತ್ತಿದ ಮೇಲೆ ಉಳಿದ ಗಂಟೆಗಳು ಕೂಡ ಮೊಳಗುವುದನ್ನು ಬಿಟ್ಟು ‘ಟಕ್’ ಎಂದು ನಿಂತುಬಿಡುತ್ತವೆ. ಸಾಫ್ಟ್‌ವೇರ್ ಕೆಟ್ಟಿದೆಯೇ?
— ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಉತ್ತರ: ಕೆಟ್ಟಿಲ್ಲ. ನೀವು ಒತ್ತಿದ ಆ ಕೀಗಳಿಗೆ ಗಂಟೆಯೇ ಇಲ್ಲ, ಅಷ್ಟೆ. ಸ್ಯಾಂಪಲ್ ಆಧಾರಿತ ವಾದ್ಯವು ಸ್ವರವನ್ನು ಲೆಕ್ಕ ಹಾಕಿ ಹುಟ್ಟಿಸುವುದಿಲ್ಲ. ಯಾರೋ ಒಂದು ನಿಜವಾದ ಸೆಟ್ಟನ್ನು ಸ್ಟುಡಿಯೋದಲ್ಲಿಟ್ಟು, ಒಂದೊಂದೇ ಗಂಟೆಯನ್ನು ಬಾರಿಸಿ, ನಾದ ಪೂರ್ತಿ ಅಡಗುವವರೆಗೆ ಧ್ವನಿಮುದ್ರಿಸಿ, ಒಂದೊಂದು ಕೀಗೆ ಒಂದೊಂದನ್ನು ಹಂಚಿಟ್ಟಿರುತ್ತಾರೆ. ಹಾಗಾಗಿ ಆ ಸೆಟ್ಟಿನ ಮೇರೆಯೇ ಸಾಫ್ಟ್‌ವೇರ್‌ನ ಮೇರೆಯೂ ಆಗುತ್ತದೆ. ಹ್ಯಾಂಡ್‌ಬೆಲ್ ಸೆಟ್ಟುಗಳು ಸಿಗುವುದು ನಿಗದಿಯಾದ ಅಳತೆಗಳಲ್ಲಿ. (ಆಕ್ಟೇವ್ ಎಂದರೆ ಒಂದು ಸ್ಥಾಯಿ. ಕೆಳಗೆ ಅಕ್ಷರ ಸ್ವರದ ಹೆಸರು, ಅಂಕಿ ಅದು ಎಷ್ಟನೆಯ ಆಕ್ಟೇವಿನದು ಎಂಬ ಗುರುತು; ಮಧ್ಯದ ಸಿ ಎಂದರೆ ಸಿ4.) ಎರಡು ಆಕ್ಟೇವಿನ ಸೆಟ್ಟಿನಲ್ಲಿ ಜಿ4ರಿಂದ ಜಿ6ರವರೆಗೆ 25 ಗಂಟೆಗಳು, ಮೂರು ಆಕ್ಟೇವಿನದರಲ್ಲಿ ಸಿ4ರಿಂದ ಸಿ7ರವರೆಗೆ 37, ನಾಲ್ಕರಲ್ಲಿ ಜಿ3ರಿಂದ ಜಿ7ರವರೆಗೆ 49, ಐದರಲ್ಲಿ ಸಿ3ರಿಂದ ಸಿ8ರವರೆಗೆ 61. ಇದಕ್ಕೂ ಕೆಳಗಿನ ಬಾಸ್ ಗಂಟೆಗಳು ಇಲ್ಲವೆಂದಲ್ಲ. ಆದರೆ ಅವನ್ನು ಕಂಚಿನಲ್ಲಿ ಎರಕ ಹೊಯ್ದರೆ ಕೈಯಲ್ಲಿ ಬೀಸುವುದು ಕಷ್ಟವಾಗುವಷ್ಟು ಭಾರವಾಗುವುದರಿಂದ ಅಲ್ಯೂಮಿನಿಯಮ್‌ನಲ್ಲಿಯೂ ತಯಾರಿಸುತ್ತಾರೆ, ಮತ್ತು ಅವು ಎಲ್ಲ ತಂಡಗಳ ಬಳಿಯೂ ಇರುವುದಿಲ್ಲ.

ಈಗ ನಿಮ್ಮ ಕೀಬೋರ್ಡನ್ನು ನೋಡೋಣ. ಅದರಲ್ಲಿ 61 ಕೀಗಳಿವೆ, ಐದು ಆಕ್ಟೇವಿನ ಸೆಟ್ಟಿನಲ್ಲಿಯೂ 61 ಗಂಟೆಗಳಿವೆ. ಲೆಕ್ಕ ಸರಿಹೊಂದಿತು ಎನಿಸುತ್ತದೆ, ಆದರೆ ಎರಡೂ ಒಂದೇ ಜಾಗದಲ್ಲಿ ನಿಂತಿಲ್ಲ. 61 ಕೀಗಳ ಕೀಬೋರ್ಡ್ ಸಾಮಾನ್ಯವಾಗಿ ಸಿ2ರಿಂದ ಸಿ7ರವರೆಗೆ ಇರುತ್ತದೆ. ಗಂಟೆಗಳು ಸಿ3ರಲ್ಲಿ ಆರಂಭವಾಗಿ ಸಿ8ರಲ್ಲಿ ಮುಗಿಯುತ್ತವೆ. ಹೀಗಾಗಿ ನಿಮ್ಮ ಎಡತುದಿಯ ಹನ್ನೆರಡು ಕೀಗಳು ಖಾಲಿ ಉಳಿಯುತ್ತವೆ, ಸೆಟ್ಟಿನ ಮೇಲ್ತುದಿಯ ಹನ್ನೆರಡು ಗಂಟೆಗಳು ನಿಮ್ಮ ಕೈಗೆ ಸಿಗುವುದೇ ಇಲ್ಲ. ನಾಲ್ಕು ಧ್ವನಿಯ ಕೀರ್ತನೆಗಳಲ್ಲಿ ಬಾಸ್ ಸಾಲು ಜಿ2, ಎಫ್2ರವರೆಗೆ ಇಳಿಯುವುದು ತೀರ ಸಾಮಾನ್ಯವಾದ್ದರಿಂದ ನೀವು ಮತ್ತೆ ಮತ್ತೆ ಆ ಖಾಲಿ ಜಾಗಕ್ಕೇ ಬೀಳುತ್ತಿದ್ದೀರಿ.

ಇದಕ್ಕೆ ಪರಿಹಾರ ಹ್ಯಾಂಡ್‌ಬೆಲ್ ಪದ್ಧತಿಯಲ್ಲಿಯೇ ಇದೆ. ಹ್ಯಾಂಡ್‌ಬೆಲ್ ಸಂಗೀತವನ್ನು ಕೇಳಿಸುವ ಸ್ಥಾಯಿಗಿಂತ ಒಂದು ಆಕ್ಟೇವ್ ಕೆಳಗೆ ಬರೆಯುತ್ತಾರೆ. ಹಾಳೆಯ ಮೇಲೆ ಮಧ್ಯದ ಸಿ ಇದ್ದರೆ ವಾದಕರು ಎತ್ತಿಕೊಳ್ಳುವುದು ಸಿ5 ಎಂದು ಗುರುತು ಹಾಕಿದ ಗಂಟೆಯನ್ನು, ಮತ್ತು ಅದು ನುಡಿಯುವುದು ಸುಮಾರು 523 ಹರ್ಟ್ಸ್‌ನಲ್ಲಿ. ಅಂದರೆ ನಿಮ್ಮ ಕೀರ್ತನೆಯ ನಾಲ್ಕೂ ಧ್ವನಿಗಳನ್ನು ಇಡಿಯಾಗಿ ಒಂದು ಆಕ್ಟೇವ್ ಮೇಲಕ್ಕೆ ಎತ್ತಿದರೆ ನೀವು ಅಡ್ಡದಾರಿ ಹಿಡಿದಂತಾಗುವುದಿಲ್ಲ. ಗಂಟೆ ತಂಡಗಳು ಮಾಡುವುದನ್ನೇ ಮಾಡಿದಂತಾಗುತ್ತದೆ. ಕೀಬೋರ್ಡಿನ ಆಕ್ಟೇವ್ ಗುಂಡಿಯನ್ನು ಒಂದು ಸಲ ಮೇಲಕ್ಕೆ ಒತ್ತಿದರೆ 61 ಕೀಗಳು 61 ಗಂಟೆಗಳ ಮೇಲೆ ಸರಿಯಾಗಿ ಕೂರುತ್ತವೆ. ಕಾಣೆಯಾದ ಸ್ವರಗಳನ್ನು ಮಾತ್ರ ಅಲ್ಲಲ್ಲಿ ಮೇಲಕ್ಕೆತ್ತುವ ಕೆಲಸಕ್ಕೆ ಕೈಹಾಕಬೇಡಿ. ಇಳಿಯುತ್ತಿದ್ದ ಬಾಸ್ ಸಾಲು ನಡುವೆ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯುತ್ತದೆ, ಕೆಲವು ಕಡೆ ಟೆನರ್ ಸ್ವರವನ್ನೂ ದಾಟಿ ಕಾರ್ಡ್‌ನ ತಳವನ್ನೇ ಬದಲಿಸುತ್ತದೆ. ಆದರೆ ನಿಮ್ಮ ವಾದ್ಯ ಮೂರು ಆಕ್ಟೇವಿನದಾಗಿದ್ದರೆ ಹೀಗೆ ಎತ್ತಿದ ಮೇಲೂ ಕೆಲವು ಬಾಸ್ ಸ್ವರಗಳು ಸಿಗುವುದಿಲ್ಲ; ಆಗ ಆ ಸಾಲನ್ನು ಗಂಟೆಗೆ ಕೊಡದೆ ಆರ್ಗನ್ನಿಗೋ ಬಾಸ್ ಹಾಡುವವರಿಗೋ ಬಿಟ್ಟುಕೊಡುವುದು ಒಳ್ಳೆಯದು. ಗಂಟೆಗಳ ಕೆಲಸ ಹೇಗೂ ಮೇಲಿನ ಸ್ಥಾಯಿಯಲ್ಲಿಯೇ ಹೆಚ್ಚು ಚೆನ್ನ.

ಇನ್ನು ‘ಟಕ್’ ಎಂಬ ಸದ್ದು. ಹ್ಯಾಂಡ್‌ಬೆಲ್ಲನ್ನು ಬೀಸಿ ಮೊಳಗಿಸುವುದಲ್ಲದೆ ಮೆತ್ತನೆಯ ಹಾಸನ್ನು ಹೊದಿಸಿದ ಮೇಜಿನ ಮೇಲೆ ಕುಟ್ಟಿ ನಿಲ್ಲಿಸುವುದು, ಮ್ಯಾಲೆಟ್ ಎಂಬ ಸಣ್ಣ ಸುತ್ತಿಗೆಯಂಥ ಕೋಲಿನಿಂದ ಹೊಡೆಯುವುದು, ಹೆಬ್ಬೆರಳನ್ನು ಗಂಟೆಗೆ ಒತ್ತಿ ಹಿಡಿದು ಬಾರಿಸುವುದು, ಒಂದೇ ಸಮನೆ ಅಲುಗಿಸುವುದು ಹೀಗೆ ಹಲವು ವಿಧಾನಗಳಿವೆ. ಒಳ್ಳೆಯ ಸಾಫ್ಟ್‌ವೇರ್ ವಾದ್ಯಗಳು ಇವನ್ನೆಲ್ಲ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್ಚುಗಳನ್ನು ವಾದ್ಯದ ಮೇರೆಯಿಂದ ಹೊರಗಿರುವ ಖಾಲಿ ಕೀಗಳಲ್ಲಿ ಇಡುತ್ತವೆ. ಇವನ್ನು ಕೀಸ್ವಿಚ್ ಎನ್ನುತ್ತಾರೆ. ನಿಮ್ಮ ಎಡಗೈ ಬಾಸ್ ಸ್ವರ ಹುಡುಕುತ್ತ ಅಂಥ ಒಂದು ಕೀಯನ್ನು ಒತ್ತಿದೆ. ಸದ್ದು ಬರಲಿಲ್ಲ, ಆದರೆ ಅಲ್ಲಿಂದ ಮುಂದೆ ಎಲ್ಲ ಗಂಟೆಗಳೂ ಮೇಜಿಗೆ ಕುಟ್ಟಿದಂತೆ ಅಥವಾ ಹೆಬ್ಬೆರಳು ಒತ್ತಿದಂತೆ ನುಡಿಯತೊಡಗಿವೆ. ಪರದೆಯ ಮೇಲಿನ ಚಿತ್ರದ ಕೀಬೋರ್ಡಿನಲ್ಲಿ ಈ ಕೀಗಳಿಗೆ ಸಾಮಾನ್ಯವಾಗಿ ಬೇರೆ ಬಣ್ಣ ಇರುತ್ತದೆ. ಆಕ್ಟೇವನ್ನು ಮೇಲಕ್ಕೆ ಸರಿಸಿದರೆ ಈ ತೊಂದರೆಯೂ ಹೆಚ್ಚಾಗಿ ತಾನೇ ತಪ್ಪುತ್ತದೆ.

ಪ್ರಶ್ನೆ: ನಾನು ಮಕ್ಕಳಿಗೆ ಕೀಬೋರ್ಡ್ ತರಗತಿ ನಡೆಸುತ್ತೇನೆ. ನನ್ನ ಬಳಿ ಎರಡು ಹ್ಯಾಂಡ್‌ಬೆಲ್ ಸ್ಯಾಂಪಲ್ ವಾದ್ಯಗಳಿವೆ. ಎರಡರ ಕೈಪಿಡಿಯಲ್ಲಿಯೂ ಮೇರೆ ಸಿ2ರಿಂದ ಸಿ7 ಎಂದೇ ಇದೆ. ಆದರೂ ಒಂದೇ ಕೀ ಒತ್ತಿದರೆ ಒಂದು ವಾದ್ಯ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಯಾವುದನ್ನು ನಂಬಲಿ?
— ಓದುಗರು, ತುಮಕೂರು

ಉತ್ತರ: ಎರಡನ್ನೂ ನಂಬಬಹುದು. ಎರಡೂ ಬಹುಶಃ ಅದೇ ಐದು ಆಕ್ಟೇವಿನ ಗಂಟೆಗಳು. ಬೇರೆಯಾಗಿರುವುದು ಕೀಗಳಿಗೆ ಹೆಸರಿಡುವ ಕ್ರಮ ಮತ್ತು ಗಂಟೆಗಳನ್ನು ಹಂಚಿದ ಕ್ರಮ. ಕೀಬೋರ್ಡು ಕಂಪ್ಯೂಟರಿಗೆ ಯಾವ ಸ್ವರ ಒತ್ತಿದೆ ಎಂದು ತಿಳಿಸುವ ಮಿಡಿ ವ್ಯವಸ್ಥೆಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ, ಮಧ್ಯದ ಸಿ ಎಂದರೆ 60. ಇದರ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಈ 60ನ್ನು ಕೆಲವರು ಸಿ4 ಎಂದು ಕರೆದರೆ, ಯಮಹಾ ಪದ್ಧತಿಯಲ್ಲಿ ಅದು ಸಿ3, ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದಲ್ಲಿ ಸಿ5. ಇದು ಸಾಲದೆಂಬಂತೆ, ಹ್ಯಾಂಡ್‌ಬೆಲ್ ಸಂಗೀತವನ್ನು ಒಂದು ಆಕ್ಟೇವ್ ಕೆಳಗೆ ಬರೆಯುವ ಪದ್ಧತಿಯಿರುವುದರಿಂದ, ಕೆಲವು ತಯಾರಕರು ಬರೆದಂತೆ ನುಡಿಸಿದರೆ ಸರಿಯಾದ ಗಂಟೆ ಸಿಗಲಿ ಎಂದು ಗಂಟೆಗಳನ್ನು 36ರಿಂದ 96ರವರೆಗೆ ಹಂಚುತ್ತಾರೆ, ಬೇರೆಯವರು ಕೇಳಿಸುವ ಶ್ರುತಿಗೆ ನಿಷ್ಠರಾಗಿ 48ರಿಂದ 108ರವರೆಗೆ ಹಂಚುತ್ತಾರೆ. ಮೊದಲಿನವರ 36–96 ಸಾಮಾನ್ಯ ಪದ್ಧತಿಯಲ್ಲಿ ಸಿ2–ಸಿ7. ಎರಡನೆಯವರ 48–108 ಯಮಹಾ ಪದ್ಧತಿಯಲ್ಲಿ ಅದೇ ಸಿ2–ಸಿ7. ನಿಮ್ಮ ಗೊಂದಲದ ಮೂಲ ಇಲ್ಲಿದೆ. ಕೈಪಿಡಿ ಬರೆಯುವವರು ಮಿಡಿ ಸಂಖ್ಯೆಯನ್ನೂ ಜೊತೆಗೆ ಕೊಟ್ಟಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದ ವಿಷಯ ಇದು.

ಪರೀಕ್ಷೆ ಸುಲಭ. ಮಿಡಿ 72ನೆಯ ಕೀಯನ್ನು, ಅಂದರೆ ಮಧ್ಯದ ಸಿಯಿಂದ ಒಂದು ಆಕ್ಟೇವ್ ಮೇಲಿನ ಸಿಯನ್ನು ಒತ್ತಿ, ಮೊಬೈಲ್‌ನ ಟ್ಯೂನರ್ ಆ್ಯಪ್ ನೋಡಿ. 523 ಹರ್ಟ್ಸ್ ಆಸುಪಾಸು ತೋರಿಸಿದರೆ ಹಂಚಿಕೆ ಕೇಳಿಸುವ ಶ್ರುತಿಯಂತಿದೆ, 1047 ತೋರಿಸಿದರೆ ಬರೆಯುವ ಶ್ರುತಿಯಂತಿದೆ. ಈ ಪರೀಕ್ಷೆಗೆ ಕೆಳಗಿನ ಗಂಟೆಗಳನ್ನು ಬಳಸಬೇಡಿ, ಏಕೆಂದರೆ ಸಿ ಬಾರಿಸಿದರೂ ಟ್ಯೂನರ್ ಜಿ ಎಂದು ತೋರಿಸುವ ಸಾಧ್ಯತೆಯಿದೆ. ಅದರ ಕಾರಣ ಮುಂದಿನ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ನನಗೆ ಉಚಿತವಾಗಿ ಸಿಕ್ಕಿದ್ದು 25 ಗಂಟೆಗಳ ಸಣ್ಣ ಸ್ಯಾಂಪಲ್ ಸೆಟ್. ಸ್ಯಾಂಪ್ಲರ್‌ನಲ್ಲಿ (ಸ್ಯಾಂಪಲ್ಲುಗಳನ್ನು ನುಡಿಸುವ ತಂತ್ರಾಂಶದಲ್ಲಿ) ಕೊನೆಯ ಸ್ವರಗಳನ್ನೇ ಎರಡೂ ಕಡೆಗೆ ಎಳೆದು ಐದು ಆಕ್ಟೇವ್ ಮಾಡಿಕೊಳ್ಳಬಹುದಲ್ಲವೇ? ಹಾಗೆಯೇ, ನಮ್ಮ ಭಜನಾ ತಂಡ ಕೈವಾರ ತಾತಯ್ಯನವರ ಪದಗಳನ್ನು ಹಾಡುವಾಗ ಮನೆಯ ಪೂಜೆಯ ಗಂಟೆಯನ್ನೇ ಧ್ವನಿಮುದ್ರಿಸಿ ಕೀಬೋರ್ಡಿನ ತುಂಬ ಹರಡಿ ನುಡಿಸುವ ಆಸೆ ಇದೆ.
— ಓದುಗರು, ಚಿಂತಾಮಣಿ

ಉತ್ತರ: ಎಳೆಯಲು ಸಾಫ್ಟ್‌ವೇರ್ ಅಡ್ಡಿ ಮಾಡುವುದಿಲ್ಲ, ಕಿವಿ ಮಾಡುತ್ತದೆ. ಸ್ಯಾಂಪ್ಲರ್ ಸಾಮಾನ್ಯವಾಗಿ ಶ್ರುತಿಯನ್ನು ಬದಲಿಸುವುದು ಧ್ವನಿಮುದ್ರಣದ ವೇಗವನ್ನು ಬದಲಿಸಿ. ಒಂದು ಅರ್ಧಸ್ವರ ಏರಿಸಲು ವೇಗ 1.0595 ಪಟ್ಟು ಆಗಬೇಕು, ಹನ್ನೆರಡು ಅರ್ಧಸ್ವರಗಳಿಗೆ ಎರಡು ಪಟ್ಟು. ನಿಮ್ಮ ಸೆಟ್ಟಿನ ಕೆಳತುದಿಯ ಜಿ4 ಗಂಟೆಯನ್ನು ಸಿ3ಕ್ಕೆ ಇಳಿಸಲು 19 ಅರ್ಧಸ್ವರ ಎಳೆಯಬೇಕು, ಆಗ ವೇಗ ಮೂರನೆಯ ಒಂದು ಭಾಗಕ್ಕೆ ಬೀಳುತ್ತದೆ. ಐದು ಸೆಕೆಂಡು ಮೊಳಗುವ ಗಂಟೆ ಹದಿನೈದು ಸೆಕೆಂಡು ಎಳೆಯುತ್ತದೆ. ನಾಲಗೆ ಲೋಹಕ್ಕೆ ತಗುಲುವ ಕ್ಷಣದ ಚುರುಕಾದ ಸದ್ದು ಮೂರು ಪಟ್ಟು ಉದ್ದವಾಗಿ, ಹಲಗೆಗೆ ಗುದ್ದಿದಂತೆ ಮಂದವಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಾದದ ಒಳರಚನೆ. ಇಂಗ್ಲಿಷ್ ಹ್ಯಾಂಡ್‌ಬೆಲ್ಲನ್ನು ಲೇತ್ ಯಂತ್ರಕ್ಕೆ ಕಟ್ಟಿ ಲೋಹವನ್ನು ತೆಳುವಾಗಿ ಕಡೆಯುತ್ತ, ಮೂಲಸ್ವರ ಮತ್ತು ಅದರ ಮೂರು ಪಟ್ಟು ಕಂಪನಾಂಕದ ಇನ್ನೊಂದು ಸ್ವರ ಎರಡೂ ಶುದ್ಧವಾಗಿ ಸಿಗುವಂತೆ ಶ್ರುತಿ ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಧ್ಯಸ್ಥಾಯಿಯ ಷಡ್ಜದೊಂದಿಗೆ ತಾರಸ್ಥಾಯಿಯ ಪಂಚಮವೂ ಸೇರಿ ನುಡಿಯುತ್ತದೆ. ಚಿಕ್ಕ ಗಂಟೆಗಳಲ್ಲಿ ಮೂಲಸ್ವರ ಸ್ಪಷ್ಟವಾಗಿ ಮುಂದಿರುತ್ತದೆ. ದೊಡ್ಡ ಬಾಸ್ ಗಂಟೆಗಳಲ್ಲಿ ಮೂಲಸ್ವರ ಗಾಳಿಗೆ ಅಷ್ಟಾಗಿ ಹರಡುವುದಿಲ್ಲ, ಪಂಚಮವೇ ಮುಂದೆ ಬರುತ್ತದೆ. ತುಮಕೂರಿನ ಓದುಗರ ಟ್ಯೂನರ್ ಜಿ ತೋರಿಸಬಹುದು ಎಂದದ್ದು ಇದೇ ಕಾರಣಕ್ಕೆ. ಹೀಗಿರುವಾಗ ಜಿ4 ಗಂಟೆಯನ್ನು ಎಳೆದು ಮಾಡಿದ ಸಿ3, ಶ್ರುತಿಯಲ್ಲಿ ಸಿ3 ಆದರೂ, ಬಾಸ್ ಗಂಟೆಯ ಸ್ವಭಾವದ್ದಾಗುವುದಿಲ್ಲ. ಚಿಕ್ಕ ಗಂಟೆಯೊಂದನ್ನು ನಿಧಾನಗತಿಯಲ್ಲಿ ಕೇಳಿದಂತಿರುತ್ತದೆ.

ಮೇಲಕ್ಕೆ ಎಳೆಯುವಾಗಿನ ತೊಂದರೆ ಬೇರೆ ಬಗೆಯದು. ಜಿ6ನ್ನು ಸಿ8ಕ್ಕೆ ಏರಿಸಲು 17 ಅರ್ಧಸ್ವರ, ವೇಗ ಸುಮಾರು 2.67 ಪಟ್ಟು. ನಾಲ್ಕು ಸೆಕೆಂಡಿನ ನಾದ ಒಂದೂವರೆ ಸೆಕೆಂಡಿಗೆ ಮುಗಿಯುತ್ತದೆ. 44.1 ಕಿಲೋಹರ್ಟ್ಸ್ ಧ್ವನಿಯಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನದಕ್ಕೆ ಜಾಗವಿಲ್ಲದ್ದರಿಂದ, ಮೂಲದಲ್ಲಿ ಸುಮಾರು 8,260 ಹರ್ಟ್ಸ್ ದಾಟಿದ ಹೊಳಪೆಲ್ಲ ಕತ್ತರಿಸಿಹೋಗುತ್ತದೆ. ಸ್ಯಾಂಪ್ಲರ್ ಕಳಪೆಯಾಗಿದ್ದರೆ ಕತ್ತರಿಸದೆ ಕೆಳಕ್ಕೆ ಮಡಚಿ, ಗಂಟೆಗೆ ಸಂಬಂಧವೇ ಇಲ್ಲದ ಅಪಸ್ವರಗಳನ್ನು ಸೇರಿಸುತ್ತದೆ. ನಿಜವಾದ ಗಂಟೆಗಳಿಗೂ ಮೇಲೆ ಒಂದು ಗಡಿ ಇದೆ. ಸಿ8ರ ಮೂಲಸ್ವರ 4,186 ಹರ್ಟ್ಸ್, ಅದರ ಪಂಚಮ ಸುಮಾರು 12,560. ಸಿ9 ಗಂಟೆಯಾದರೆ ಅದರ ಪಂಚಮ 25,000 ದಾಟುತ್ತದೆ, ಮನುಷ್ಯನ ಕಿವಿಗೆ ಅದು ಕೇಳುವುದೇ ಇಲ್ಲ.

ಎರಡು ಅಥವಾ ಮೂರು ಅರ್ಧಸ್ವರಗಳಷ್ಟು ಎಳೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಗಂಟೆಗಳನ್ನು ಒಂದು ಬಿಟ್ಟು ಒಂದರಂತೆ ಮಾತ್ರ ಧ್ವನಿಮುದ್ರಿಸಿ ನಡುವಿನವನ್ನು ಹೀಗೆ ತುಂಬಿಸಿದ ವಾದ್ಯಗಳೂ ಇವೆ, ಅದರಲ್ಲಿ ಉಳಿತಾಯದ ಲೆಕ್ಕವಿದೆ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಹತ್ತು ಸೆಕೆಂಡಿನ ಒಂದು ಗಂಟೆ 2.88 ಮೆಗಾಬೈಟ್ ತಿನ್ನುತ್ತದೆ. 61 ಗಂಟೆಗಳನ್ನು ಮೆಲು, ಮಧ್ಯಮ, ಜೋರು ಎಂದು ಮೂರು ಹಂತಗಳಲ್ಲಿ ಬಾರಿಸಿದರೆ 527 ಮೆಗಾಬೈಟ್, ಮತ್ತು ಇದು ಒಂದು ವಿಧಾನಕ್ಕೆ ಮಾತ್ರ. ನಿಮ್ಮ ಸೆಟ್ ಎಸ್‌ಎಫ್‌ಝಡ್ (ಯಾವ ಸ್ಯಾಂಪಲ್ ಯಾವ ಕೀಗೆ ಎಂಬುದನ್ನು ಸಾದಾ ಪಠ್ಯವಾಗಿ ಬರೆದಿಡುವ) ಮಾದರಿಯದಾಗಿದ್ದರೆ ಅದರ ಕಡತವನ್ನು ನೋಟ್‌ಪ್ಯಾಡ್‌ನಲ್ಲಿಯೇ ತೆರೆಯಬಹುದು. ಪ್ರತಿ ಸ್ಯಾಂಪಲ್ಲಿನ ಮುಂದೆ ಲೋಕೀ (ಅದು ನುಡಿಯುವ ಅತಿ ಕೆಳಗಿನ ಕೀ), ಹೈಕೀ (ಅತಿ ಮೇಲಿನ ಕೀ) ಮತ್ತು ಪಿಚ್ ಕೀಸೆಂಟರ್ (ಅದರ ಮೂಲ ಶ್ರುತಿಯ ಕೀ) ಎಂಬ ಮೂರು ಅಂಕಿಗಳಿರುತ್ತವೆ. ಜಿ4ರ ಕೀಸೆಂಟರ್ 67 ಆಗಿದ್ದರೆ ಅದನ್ನು ಮುಟ್ಟದೆ, ಲೋಕೀಯನ್ನು 64 ಮಾಡಿ ಉಳಿಸಿದರೆ ಇ4ರವರೆಗೆ ನಾಲ್ಕು ಕೀಗಳಿಗೆ ಅದೇ ಗಂಟೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಪೂಜೆಯ ಗಂಟೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಅದರ ಒಳಸ್ವರಗಳನ್ನು ಯಾರೂ ಲೇತಿನಲ್ಲಿ ಪರಸ್ಪರ ಹೊಂದಿಸಿರುವುದಿಲ್ಲ, ಹೊಂದಿಸುವ ಅಗತ್ಯವೂ ಪೂಜೆಗೆ ಇಲ್ಲ. ಒಂದೇ ಗಂಟೆಯಾಗಿ ಕೇಳುವಾಗ ಅದು ಹಿತವೇ. ಕೀಬೋರ್ಡಿನ ಮೇಲೆ ಹರಡಿ ಎರಡು ಕೀ ಒಟ್ಟಿಗೆ ಒತ್ತಿದ ಕೂಡಲೇ ಆ ಒಳಸ್ವರಗಳು ಒಂದಕ್ಕೊಂದು ತಿಕ್ಕುತ್ತವೆ. ನಿಮ್ಮ ಗಾಯಕರ ಶ್ರುತಿ ಬಿಳಿ ಐದು, ಅಂದರೆ ಜಿ ಎಂದಿಟ್ಟುಕೊಳ್ಳಿ: ಮೊದಲು ಗಂಟೆಯಲ್ಲಿ ಕಿವಿಗೆ ಪ್ರಧಾನವಾಗಿ ಕೇಳುವ ಸ್ವರ ಯಾವುದೆಂದು ತಂಬೂರದೊಂದಿಗೆ ಹೋಲಿಸಿ ಗುರುತಿಸಿ, ಅದು ಜಿಗೆ ಅಥವಾ ಅದರ ಪಂಚಮವಾದ ಡಿಗೆ ಎರಡು ಮೂರು ಅರ್ಧಸ್ವರಗಳೊಳಗೆ ಇದ್ದರೆ ಅಲ್ಲಿಗೆ ಸರಿಸಿ, ಆ ಒಂದು ಕೀಗೆ ಮಾತ್ರ ಇಟ್ಟುಕೊಳ್ಳಿ. ಪದದ ಚರಣ ಮುಗಿದು ಪಲ್ಲವಿಗೆ ಮರಳುವಲ್ಲಿ ಒಂದೇ ಒಂದು ಪೆಟ್ಟು ಸಾಕು. ಗಮಕದ ಆಸೆಯಿಂದ ಪಿಚ್ ಬೆಂಡ್ ಚಕ್ರವನ್ನು ತಿರುಗಿಸಬೇಡಿ; ಲೋಹದ ಗಂಟೆ ಜಾರುವುದಿಲ್ಲವೆಂಬುದು ಕೇಳುವವರಿಗೆಲ್ಲ ಗೊತ್ತು.

ಪ್ರಶ್ನೆ: ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಹ್ಯಾಂಡ್‌ಬೆಲ್‌ಗೆ ಸ್ವರ ಬರೆಯುವಾಗ ಕೆಲವು ಸ್ವರಗಳು ಕೆಂಪಾಗುತ್ತವೆ. ಆದರೂ ನುಡಿಸಿದರೆ ಸದ್ದು ಬರುತ್ತದೆ. ಏನರ್ಥ?
— ಓದುಗರು, ಮಧುಗಿರಿ

ಉತ್ತರ: ಕೆಂಪು ಬಣ್ಣ ತಂತ್ರಾಂಶದಲ್ಲಿ ಆ ವಾದ್ಯಕ್ಕೆಂದು ಬರೆದಿಟ್ಟಿರುವ ಮೇರೆಯನ್ನು ನೋಡಿ ಬರುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿರುವ ಸ್ಯಾಂಪಲ್ಲುಗಳನ್ನು ನೋಡಿ ಅಲ್ಲ. ಎರಡಕ್ಕೂ ನೇರ ಸಂಬಂಧವಿಲ್ಲ. ನೀವು ಬಳಸುತ್ತಿರುವುದು ಜನರಲ್ ಮಿಡಿ ಎಂಬ ಸಾಮಾನ್ಯ ವಾದ್ಯಪಟ್ಟಿಯ ಧ್ವನಿಯಾಗಿದ್ದರೆ ಅದರ 128 ವಾದ್ಯಗಳಲ್ಲಿ ಹ್ಯಾಂಡ್‌ಬೆಲ್ ಇಲ್ಲವೇ ಇಲ್ಲ. ನಿಮಗೆ ಕೇಳಿಸುತ್ತಿರುವುದು 10ನೆಯ ಗ್ಲಾಕನ್‌ಸ್ಪೀಲ್, 15ನೆಯ ಟ್ಯೂಬುಲರ್ ಬೆಲ್ಸ್ ಮುಂತಾದ ಯಾವುದೋ ಬದಲಿ ವಾದ್ಯ. ನಿಮ್ಮ ತಂಡದ ಬಳಿಯಿರುವ ಗಂಟೆಗಳ ಮೇರೆಯನ್ನು ವಾದ್ಯದ ವಿವರಗಳಲ್ಲಿ ನೀವೇ ತುಂಬಿಸಿ. ಮೂರು ಆಕ್ಟೇವಿನ ಸೆಟ್ಟಾದರೆ ಕೇಳಿಸುವ ಲೆಕ್ಕದಲ್ಲಿ ಸಿ4ರಿಂದ ಸಿ7. ಹಾಳೆಯ ಮೇಲೆ ಅದು ಸಿ3ರಿಂದ ಸಿ6 ಆಗಿ ಕಾಣುತ್ತದೆ. ಆ ಮೇಲೆ ಬರುವ ಕೆಂಪನ್ನು ಗಂಭೀರವಾಗಿ ತೆಗೆದುಕೊಳ್ಳಿ.