ಲೂಪಸ್‌ಗೆ ಕಾರಣ ಮನಸ್ಸಲ್ಲ

ಮಾನ್ಯ ಓದುಗರೇ,

ಬೆಳಗಿನ ಹೊತ್ತು ಬಟ್ಟೆ ಹಿಂಡಲೂ ಆಗದಂತೆ ನಿಮ್ಮ ನಾದಿನಿಯ ಬೆರಳುಗಳು ಬಿಗಿದುಕೊಳ್ಳುತ್ತಿದ್ದುದನ್ನೂ, ಬಿಸಿಲಿಗೆ ಹೋದಾಗ ಕೆನ್ನೆಗಳು ಕೆಂಪೇರುತ್ತಿದ್ದುದನ್ನೂ ಮನೆಯವರು ‘ಬಾಣಂತನ ಸರಿಯಾಗಲಿಲ್ಲ, ಯೋಚನೆ ಜಾಸ್ತಿ’ ಎಂದು ತಳ್ಳಿಹಾಕಿದ್ದರು, ಕೊನೆಗೆ ಅದು ಲೂಪಸ್ ಎಂದು ತಿಳಿಯಿತು ಎಂದು ಬರೆದಿದ್ದೀರಿ. ಇಂಥ ಕಾಯಿಲೆ ಹೆಂಗಸರಿಗೇ ಏಕೆ ಹೆಚ್ಚು, ಅವರ ಮನಸ್ಸೇ ಇದಕ್ಕೆ ಮೂಲವೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಅಲ್ಲ, ಆ ಮಾತನ್ನು ಅವರ ಮುಂದೆ ಇನ್ನು ಯಾರೂ ಆಡದಂತೆ ದಯವಿಟ್ಟು ನೋಡಿಕೊಳ್ಳಿ.

ಸೋಂಕಿನೊಂದಿಗೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಈ ಬಗೆಯ ಕಾಯಿಲೆಗಳಲ್ಲಿ ಐವರು ರೋಗಿಗಳ ಪೈಕಿ ಸುಮಾರು ನಾಲ್ವರು ಮಹಿಳೆಯರು. ಲೂಪಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಅವರೇ. ರುಮಟಾಯ್ಡ್ ಸಂಧಿವಾತ ಅವರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಆದರೆ ಟೈಪ್ 1 ಮಧುಮೇಹದಲ್ಲಿ ಇಂಥ ಅಂತರವಿಲ್ಲ.

ಹಾರ್ಮೋನುಗಳ ಪಾತ್ರ ಇದೆ. ಲೂಪಸ್‌ನಲ್ಲಿ ಗಂಡು-ಹೆಣ್ಣಿನ ನಡುವಣ ಅಂತರ ಬಾಲ್ಯದಲ್ಲಿ ಕಡಿಮೆಯಿದ್ದು, ಹೆರಿಗೆಯ ವಯಸ್ಸಿನಲ್ಲಿ ಏರುತ್ತದೆ. ಸಂಧಿವಾತ ಅನೇಕರಲ್ಲಿ ಬಸಿರಿನಲ್ಲಿ ತಗ್ಗಿ, ಹೆರಿಗೆಯ ನಂತರ ಮರುಕಳಿಸುತ್ತದೆ. ಹಾಗಾಗಿ ಬಾಣಂತನದ ಮಾತಿನಲ್ಲಿ ಎಳೆಯಷ್ಟು ನಿಜವಿರಬಹುದು, ಆದರೆ ತಪ್ಪು ಪಥ್ಯದ್ದೂ ಅಲ್ಲ, ಬಾಣಂತಿಯದ್ದೂ ಅಲ್ಲ.

ಇನ್ನೂ ಆಳದ ಕಾರಣ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಅದು ಎರಡು, ಗಂಡಿಗೆ ಒಂದೇ. ಹೆಣ್ಣಿನ ಜೀವಕೋಶದಲ್ಲಿ ಅವುಗಳಲ್ಲೊಂದು ಸುಮ್ಮನಾಗುತ್ತದೆ ಎಂಬುದನ್ನು 1961ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್ ಸೂಚಿಸಿದರು. ಆದರೆ ಅದು ಪೂರ್ತಿ ಸುಮ್ಮನಾಗುವುದಿಲ್ಲ: ವೈರಸ್‌ಗಳ ಸುಳಿವು ಹಿಡಿಯುವ ಟಿಎಲ್‌ಆರ್7 ಎಂಬ ವಂಶವಾಹಿ ಕೆಲವು ಕೋಶಗಳಲ್ಲಿ ಎರಡೂ ಎಕ್ಸ್‌ಗಳಿಂದ ಕೆಲಸ ಮಾಡಿ, ರೋಗನಿರೋಧಕ ವ್ಯವಸ್ಥೆಯನ್ನು ಹೆಚ್ಚು ಕೆರಳಿಸಬಹುದು. ಹೆಚ್ಚುವರಿ ಎಕ್ಸ್ ಇರುವ ಕ್ಲೈನ್‌ಫೆಲ್ಟರ್ ಗಂಡಸರಲ್ಲಿ ಲೂಪಸ್‌ನ ಸಾಧ್ಯತೆ ಇತರ ಗಂಡಸರಿಗಿಂತ ಸುಮಾರು 14 ಪಟ್ಟು. ಎಕ್ಸ್ ಅನ್ನು ಸುಮ್ಮನಾಗಿಸುವ ‘ಜಿಸ್ಟ್’ ಎಂಬ ಆರ್‌ಎನ್‌ಎಯನ್ನು ಗಂಡು ಇಲಿಗಳಲ್ಲಿ ಉತ್ಪತ್ತಿಯಾಗುವಂತೆ ಮಾಡಿ, ಲೂಪಸ್ ಕೆರಳಿಸುವ ರಾಸಾಯನಿಕ ಕೊಟ್ಟಾಗ, ಅವುಗಳಲ್ಲೂ ಹೆಣ್ಣಿಲಿಗಳಷ್ಟೇ ತೀವ್ರವಾಗಿ ಕಾಯಿಲೆ ಕಾಣಿಸಿತೆಂದು ಸ್ಟ್ಯಾನ್‌ಫರ್ಡ್‌ನ ಹೋವರ್ಡ್ ಚಾಂಗ್ ತಂಡ 2024ರಲ್ಲಿ ಪ್ರಕಟಿಸಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸದು. ಆದರೂ ನನ್ನ ಮಟ್ಟಿಗೆ ಇದು ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಉತ್ತರ.

ಗಂಡಸರಿಗೂ ಲೂಪಸ್ ಬರುತ್ತದೆ ಎಂಬುದನ್ನು ಮನೆಯಲ್ಲಿ ತಿಳಿಸಿ. ಬಂದಾಗ ಮೂತ್ರಪಿಂಡಕ್ಕೆ ತಾಗುವುದು ಅವರಲ್ಲೇ ಹೆಚ್ಚು. ಆ ಹಾನಿ ನೋವಿಲ್ಲದೆ ಸಾಗುವುದರಿಂದ, ನಿಮ್ಮ ನಾದಿನಿ ಆರಾಮವಾಗಿದ್ದೇನೆ ಎಂದರೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆಯನ್ನು ವೈದ್ಯರು ಹೇಳಿದ ಹೊತ್ತಿಗೆ ಮಾಡಿಸಲೇಬೇಕು, ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

– ಸಂಪಾದಕ