ಮಠ ಮುಚ್ಚಿದ್ದೇ ಒಳ್ಳೆಯದಾಯಿತೇ? ತುಮಕೂರಿನ ಓದುಗರಿಗೆ ಸಂಪಾದಕರ ಉತ್ತರ

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ನಮಗೊಂದು ಉದ್ದನೆಯ ಪತ್ರ ಬರೆದಿದ್ದಾರೆ. ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವರು ಬೆನೆಡಿಕ್ಟ್‌ಬಾಯರ್ನ್ ಎಂಬ ಪುಟ್ಟ ಊರಿನ ಹಳೆಯ ಮಠ ನೋಡಿಕೊಂಡು ಬಂದರಂತೆ. ನಮ್ಮ ಪ್ರವಾಸ ಸಂಚಿಕೆಯಲ್ಲಿ ಅದೇ ಮಠದ ಲೇಖನ ಓದಿ ಹೋದವರು ಅವರು. ಅಲ್ಲಿ ಅವರಿಗೆ ಕಂಡದ್ದು ದೊಡ್ಡ ಅಂಗಳ, ಎರಡು ಗೋಪುರದ ಚರ್ಚು, ಒಂದಷ್ಟು ಮಕ್ಕಳು. ಅರ್ಧ ಗಂಟೆಯಲ್ಲಿ ಮುಗಿಯಿತು, ಇದಕ್ಕೆ ಅಷ್ಟು ಪುಟ ಯಾಕೆ ಕೊಟ್ಟಿರಿ ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಗಟ್ಟಿಯಾದದ್ದು. 1803ರಲ್ಲಿ ಸರ್ಕಾರ ಮಠವನ್ನು ಮುಚ್ಚಿದ ಮೇಲೆ ತಾನೇ ಅಲ್ಲಿನ ಹಾಡಿನ ಪುಸ್ತಕ ಹೊರಬಂದದ್ದು, ಗಾಜಿನ ಕಾರ್ಖಾನೆ ಶುರುವಾದದ್ದು? ಹಾಗಿದ್ದ ಮೇಲೆ ಮುಚ್ಚಿದ್ದೇ ಒಳ್ಳೆಯದಾಯಿತು ಅಂತ ನೇರವಾಗಿ ಬರೆಯೋಕೆ ನಿಮಗೇಕೆ ಹಿಂಜರಿಕೆ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಪತ್ರ ಓದಿ ಖುಷಿಯಾಯಿತು. ನಾಲ್ಕು ಸಾಲಿನಲ್ಲಿ ಉತ್ತರಿಸುವ ಪ್ರಶ್ನೆಗಳಲ್ಲ ಇವು. ಹಾಗಾಗಿ ಈ ಸಲ ಈ ಅಂಕಣ ಪೂರ್ತಿ ನಿಮಗೇ.

ಮೊದಲು ಊರಿನ ಮಾತು. ಜರ್ಮನಿಯ ಬವೇರಿಯ ಸೀಮೆಯಲ್ಲಿ, ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ಆಲ್ಪ್ಸ್ ಬೆಟ್ಟಗಳು ಏಳುವ ಅಂಚಿನಲ್ಲಿ, ಬೆನೆಡಿಕ್ಟೆನ್‌ವಾಂಡ್ ಬೆಟ್ಟದ ಬುಡದಲ್ಲಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೋಖೆಲ್ ಕೆರೆಯವರೆಗೂ ಹರಡಿದ ಜವುಗು ನೆಲ. ಜನಸಂಖ್ಯೆ ಸುಮಾರು ಮೂರೂವರೆ ಸಾವಿರ. ಮಠ ಹುಟ್ಟಿದ್ದು ಎಂಟನೇ ಶತಮಾನದಲ್ಲಿ. ಹಂಗೇರಿಯವರ ದಾಳಿಯಲ್ಲಿ ಹಾಳಾಯಿತು. 1031ರಲ್ಲಿ ಟೆಗರ್ನ್‌ಜೇ ಮಠದ ಸನ್ಯಾಸಿಗಳು ಬಂದು ಮತ್ತೆ ಕಟ್ಟಿದರು. 1490ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದಿತು. ನೀವು ನೋಡಿದ ಚರ್ಚು 1680ರ ದಶಕದ್ದು. ಅದರ ಚಾವಣಿ ಚಿತ್ರಗಳನ್ನು ಬರೆದವನು ಹಾನ್ಸ್ ಗೆಯೋರ್ಗ್ ಆಸಾಮ್. ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲೇ, 1686ರಲ್ಲಿ, ಮಗ ಕೋಸ್ಮಾಸ್ ಡಾಮಿಯಾನ್ ಅದೇ ಊರಿನಲ್ಲಿ ಹುಟ್ಟಿದ. ಮುಂದೆ ಆ ಹುಡುಗ ಬವೇರಿಯದ ಬರೋಕ್ (ಆ ಕಾಲದ ಅಲಂಕಾರಭರಿತ ಶೈಲಿ) ಚಿತ್ರಕಾರರಲ್ಲಿ ಅಪ್ಪನನ್ನೂ ಮೀರಿಸಿ ಬೆಳೆದ.

ಇನ್ನು ಹಾಡಿನ ಪುಸ್ತಕ. ಮಠದ ಸನ್ಯಾಸಿಗಳೇ ಆ ಹಾಡು ಬರೆದರು ಎಂದು ಅಲ್ಲಿ ಯಾರೋ ನಿಮಗೆ ಹೇಳಿದರಂತೆ. ಹಾಗಲ್ಲ. ಹಸ್ತಪ್ರತಿ ಸಿದ್ಧವಾದದ್ದು 1230ರ ಆಸುಪಾಸಿನಲ್ಲಿ, ಬೇರೆ ಕಡೆ. ಹೆಚ್ಚಿನ ವಿದ್ವಾಂಸರು ಆಲ್ಪ್ಸ್‌ನ ಆಚೆ ಮಗ್ಗುಲನ್ನು, ಟಿರೋಲ್ ಸೀಮೆಯನ್ನು ತೋರಿಸುತ್ತಾರೆ. ಎರಡುನೂರೈವತ್ತಕ್ಕೂ ಜಾಸ್ತಿ ಹಾಡುಗಳಿವೆ. ಬಹುಪಾಲು ಲ್ಯಾಟಿನ್, ನಡುನಡುವೆ ಹಳೆಯ ಜರ್ಮನ್. ಪ್ರೀತಿ, ಕುಡಿತ, ಜೂಜು, ವಸಂತ, ಹಣಕ್ಕೆ ಬಾಯಿಬಿಡುವ ಧರ್ಮಗುರುಗಳ ಮೇಲೆ ಬೈಗುಳ, ಎಲ್ಲವೂ ಇದೆ. ಅದು ಈ ಮಠಕ್ಕೆ ಹೇಗೆ ಬಂತೋ, ಯಾರು ತಂದರೋ. ಬಂದದ್ದಂತೂ ಉಳಿಯಿತು. ತಮ್ಮಂಥವರನ್ನೇ ಮೂದಲಿಸುವ ಪುಸ್ತಕವನ್ನು ಸನ್ಯಾಸಿಗಳು ಒಲೆಗೆ ಹಾಕಲಿಲ್ಲ. ನನಗೆ ಇದು ದೊಡ್ಡ ಸಂಗತಿ. 1803ರಲ್ಲಿ ಮಠ ಮುಚ್ಚಿದಾಗ ಗ್ರಂಥಾಲಯದ ಪುಸ್ತಕಗಳನ್ನು ಆರಿಸಲು ಮ್ಯೂನಿಕ್‌ನಿಂದ ಯೋಹಾನ್ ಕ್ರಿಸ್ಟೋಫ್ ಫಾನ್ ಆರೆಟಿನ್ ಬಂದರು. ಅವರ ಕಣ್ಣಿಗೆ ಅದು ಬಿತ್ತು. ಈಗ ಅದು ಮ್ಯೂನಿಕ್‌ನ ಬವೇರಿಯ ರಾಜ್ಯ ಗ್ರಂಥಾಲಯದಲ್ಲಿದೆ. 1847ರಲ್ಲಿ ಯೋಹಾನ್ ಆಂಡ್ರೆಯಾಸ್ ಷ್ಮೆಲ್ಲರ್ ಅದನ್ನು ಅಚ್ಚು ಹಾಕಿಸಿ 'ಕಾರ್ಮಿನಾ ಬುರಾನಾ', ಅಂದರೆ ಬಾಯರ್ನ್‌ನ ಹಾಡುಗಳು, ಎಂಬ ಹೆಸರು ಕೊಟ್ಟರು. ಕಾರ್ಲ್ ಓರ್ಫ್ ಅದರಿಂದ 24 ಪಠ್ಯ ಆರಿಸಿ ಮಾಡಿದ ಸಂಗೀತ 1937ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲು ಕೇಳಿಸಿತು. ಅದರ ಶುರುವಿನ ಅಬ್ಬರದ ಕೋರಸ್ಸನ್ನು ನೀವು ಟಿವಿ ಜಾಹೀರಾತಿನಲ್ಲಾದರೂ ಕೇಳಿರುತ್ತೀರಿ.

ಈಗ ಹೇಳಿ, ಪುಸ್ತಕ ಉಳಿದದ್ದು ಯಾರಿಂದ? ಆರೆಟಿನ್ ಅದನ್ನು ಗುರುತಿಸಿದರು, ಸರಿ. ಆದರೆ ಗುರುತಿಸಲು ಅಲ್ಲೊಂದು ಪುಸ್ತಕ ಇರಬೇಕಲ್ಲ.

ಗಾಜಿನ ಕಥೆಗೆ ಬರುತ್ತೇನೆ. ನೀವು ಹಳೆಯ ಗಾಜಿನ ಕಾರ್ಖಾನೆಗೆ ಹೋಗಲೇ ಇಲ್ಲ ಎಂದು ಪತ್ರದಿಂದ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಆ ಊರಿನಲ್ಲಿ ಮೊದಲು ನೋಡಬೇಕಾದ್ದು ಅದೇ. ಮಠ ಮುಚ್ಚಿ ಎರಡು ವರ್ಷಕ್ಕೆ, 1805ರಲ್ಲಿ, ಯೋಸೆಫ್ ಫಾನ್ ಉಟ್ಸ್‌ಷ್ನೈಡರ್ ಎಂಬ ಉದ್ಯಮಿ ಇಡೀ ಮಠವನ್ನು ಕೊಂಡುಕೊಂಡ. ಅವನಿಗೆ ಬೇಕಿದ್ದದ್ದು ದುರ್ಬೀನು ಮತ್ತು ಭೂಮಾಪನದ ಉಪಕರಣಗಳಿಗೆ ಒಳ್ಳೆಯ ಗಾಜು. ಆ ಕಾಲದಲ್ಲಿ ಅದು ಸಿಗುವುದೇ ಕಷ್ಟ. ಕರಗಿದ ಗಾಜಿನಲ್ಲಿ ಭಾರದ ಭಾಗ ಕೆಳಗಿಳಿದು, ಹಗುರದ್ದು ಮೇಲುಳಿದು, ಒಳಗೆ ಎಳೆಎಳೆಯಾಗಿ ಗೆರೆ ಬೀಳುತ್ತಿತ್ತು. ಅಂಥ ಗಾಜಿನ ಮಸೂರದಲ್ಲಿ ನಕ್ಷತ್ರ ನೋಡಿದರೆ ಚೂರುಚೂರಾಗಿ ಕಾಣುತ್ತದೆ. ಪಿಯೆರ್ ಲೂಯಿ ಗಿನಾಂ ಎಂಬ ಸ್ವಿಸ್ ಕುಶಲಕರ್ಮಿ ಅದಕ್ಕೊಂದು ದಾರಿ ಹುಡುಕಿದ್ದ. ಬೆಂಕಿ ತಡೆಯುವ ಜೇಡಿಮಣ್ಣಿನ ಕೋಲಿನಿಂದ ಕರಗಿದ ಗಾಜನ್ನು ಕಲಕುತ್ತಲೇ ಇರುವುದು. ಮುದ್ದೆ ಗಂಟಾಗದ ಹಾಗೆ ಕೋಲಾಡಿಸುತ್ತಾರಲ್ಲ, ಕೆಲಸ ಅದೇ ಥರ. ಆಮೇಲೆ ಬೆಂಕಿ ಆರಿಸಿ ಗಾಜನ್ನು ಮಡಕೆಯಲ್ಲೇ ನಿಧಾನವಾಗಿ ತಣಿಯಲು ಬಿಡಬೇಕು. ತಣಿದ ಮೇಲೆ ಮಡಕೆ ಒಡೆದು, ಗಾಜನ್ನೂ ಒಡೆದು, ಗೆರೆಯಿಲ್ಲದ ತುಂಡು ಆರಿಸಬೇಕು. ಇಷ್ಟೆಲ್ಲ ಪಾಡುಪಟ್ಟರೂ ಉಪಯೋಗಕ್ಕೆ ಬರುವುದು ಅದರಲ್ಲಿ ಒಂದು ಪಾಲು ಮಾತ್ರ.

ಇದಕ್ಕೆ ಏನೇನು ಬೇಕು ಯೋಚಿಸಿ. ರಾಶಿ ರಾಶಿ ಸೌದೆ. ನೀರು. ಗಟ್ಟಿ ಗೋಡೆಯ ದೊಡ್ಡ ಕಟ್ಟಡಗಳು. ಕೆಲಸಗಾರರಿಗೆ ವಸತಿ. ಸನ್ಯಾಸಿಗಳು ನೂರಾರು ವರ್ಷ ನೋಡಿಕೊಂಡ ಕಾಡು, ಕಟ್ಟಿಸಿದ ಮನೆ, ಎಲ್ಲವೂ ಅಲ್ಲಿ ತಯಾರಿತ್ತು. ಉಟ್ಸ್‌ಷ್ನೈಡರ್ ಬಯಲಿನಲ್ಲಿ ಮೊದಲ ಕಲ್ಲಿನಿಂದ ಶುರು ಮಾಡಬೇಕಾಗಿ ಬರಲಿಲ್ಲ.

ಅಲ್ಲಿಗೆ ಬಂದವನು ಯೋಸೆಫ್ ಫ್ರೌನ್‌ಹೋಫರ್. 1787ರಲ್ಲಿ ಹುಟ್ಟಿದವನು, ಚಿಕ್ಕ ವಯಸ್ಸಿಗೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಮ್ಯೂನಿಕ್‌ನಲ್ಲಿ ಕನ್ನಡಿ ಮಾಡುವವನ ಹತ್ತಿರ ಕೆಲಸಕ್ಕಿದ್ದ. 1801ರಲ್ಲಿ ಆ ಮನೆ ಕುಸಿದು ಹುಡುಗ ಅವಶೇಷದಡಿ ಸಿಕ್ಕಿಬಿದ್ದ. ಅವನನ್ನು ಜೀವಂತ ಹೊರತೆಗೆದಾಗ ದೊರೆ ಮ್ಯಾಕ್ಸಿಮಿಲಿಯನ್ ಖುದ್ದು ಅಲ್ಲಿದ್ದ. ದೊರೆ ಕೊಟ್ಟ ಹಣ, ಉಟ್ಸ್‌ಷ್ನೈಡರ್ ಒದಗಿಸಿದ ಪುಸ್ತಕ, ಹುಡುಗನ ಹಟ, ಇಷ್ಟರಿಂದ ಅವನು ಓದಿಕೊಂಡ. ಇಪ್ಪತ್ತರ ಹೊತ್ತಿಗೆ ಬೆನೆಡಿಕ್ಟ್‌ಬಾಯರ್ನ್‌ನಲ್ಲಿ ಗಾಜು ಉಜ್ಜುತ್ತಿದ್ದ. ಕೆಲವೇ ವರ್ಷಗಳಲ್ಲಿ ಕುಲುಮೆಯೂ ಅವನ ಕೈಗೆ ಬಂತು.

ಬೇರೆ ಬೇರೆ ಗಾಜು ಬೇರೆ ಬೇರೆ ಬಣ್ಣವನ್ನು ಎಷ್ಟೆಷ್ಟು ಬಾಗಿಸುತ್ತದೆ ಎಂಬ ಲೆಕ್ಕ ಅವನಿಗೆ ಬೇಕಿತ್ತು. ಲೆಕ್ಕ ನಿಖರವಾಗಿಲ್ಲದೆ ಒಳ್ಳೆ ಮಸೂರ ಆಗುವುದಿಲ್ಲ. ಆದರೆ ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರು ಅಂತ ಯಾರು ಹೇಳುತ್ತಾರೆ? ಕೋಣೆ ಕತ್ತಲೆ ಮಾಡಿದ. ಕಿಟಕಿಯ ಬಾಗಿಲಲ್ಲಿ ಸಣ್ಣ ಸೀಳು ಬಿಟ್ಟ. ಒಳಬಂದ ಬಿಸಿಲನ್ನು ತನ್ನ ಗಾಜಿನ ಪಟ್ಟಕದ ಮೇಲೆ ಬೀಳಿಸಿ, ಹರಡಿದ ಬಣ್ಣಗಳನ್ನು ದುರ್ಬೀನಿನಲ್ಲಿ ನೋಡಿದ. ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಂಡವು. ಒಂದೆರಡಲ್ಲ, 570ಕ್ಕೂ ಜಾಸ್ತಿ ಎಣಿಸಿದ. ದಪ್ಪದವಕ್ಕೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟ. ಇದು 1814ರ ಮಾತು. ಲಂಡನ್‌ನಲ್ಲಿ ವಿಲಿಯಂ ವೊಲಾಸ್ಟನ್ 1802ರಲ್ಲೇ ಕೆಲವು ಗೆರೆ ಕಂಡಿದ್ದ, ಆದರೆ ಅವನ್ನು ಅಳೆದು ನಕ್ಷೆ ಮಾಡಿದವನು ಈ ಕುಲುಮೆಯ ಹುಡುಗ. ಆ ಗೆರೆಗಳ ಅರ್ಥ ಗೊತ್ತಾದದ್ದು 1859ರಲ್ಲಿ, ಹೈಡೆಲ್‌ಬರ್ಗ್‌ನಲ್ಲಿ ಕಿರ್ಕೋಫ್ ಮತ್ತು ಬುನ್ಸೆನ್ ಅವರಿಂದ. ಒಂದೊಂದು ಮೂಲವಸ್ತುವೂ ಬೆಳಕಿನಲ್ಲಿ ತನ್ನದೇ ಗೆರೆ ಬಿಡುತ್ತದೆ. ಸೂರ್ಯನಲ್ಲಿ ಏನಿದೆ ಎಂದು ಇಲ್ಲಿಂದಲೇ ಹೇಳಬಹುದು!

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ್ದೀರಿ. ಫ್ರೌನ್‌ಹೋಫರ್ 'ಸಿ' ಎಂದು ಗುರುತಿಸಿದ ಗೆರೆ ಹೈಡ್ರೋಜನ್‌ನದು. ಅದೇ ಬೆಳಕಿನಲ್ಲಿ ಕೊಡೈಕೆನಾಲ್ ವೀಕ್ಷಣಾಲಯ ನೂರು ವರ್ಷಕ್ಕೂ ಹಿಂದಿನಿಂದ ಸೂರ್ಯನ ಚಿತ್ರ ತೆಗೆದಿಟ್ಟಿದೆ. ಇವತ್ತು ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್.

ಇಷ್ಟು ಹೇಳಿದ ಮೇಲೆ ನಿಮ್ಮ ಎರಡನೇ ಪ್ರಶ್ನೆ. ಮಠಗಳ ಹತ್ತಿರ ಜಾಸ್ತಿ ಜಮೀನಿತ್ತು, ರೈತರು ಅವುಗಳಿಗೆ ಕಂದಾಯ ಕಟ್ಟಿ ಬದುಕುತ್ತಿದ್ದರು ಎಂದು ಬರೆದಿದ್ದೀರಿ. ಅದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 1803ರ ಆದೇಶ ರೈತರಿಗಾಗಿ ಬಂದದ್ದಲ್ಲ. ರೈನ್ ನದಿಯ ಎಡದಂಡೆ ಫ್ರಾನ್ಸ್ ಪಾಲಾಗಿತ್ತು. ಅಲ್ಲಿ ನೆಲ ಕಳೆದುಕೊಂಡ ದೊರೆಗಳಿಗೆ ಪರಿಹಾರ ಬೇಕಿತ್ತು. ಬವೇರಿಯದ ಖಜಾನೆಯೂ ಬರಿದಾಗಿತ್ತು. ಮಂತ್ರಿ ಮೋಂಜ್ಲಾ ಮಠಗಳತ್ತ ಕೈ ಚಾಚಿದ. ರೈತ ಕಂದಾಯ ಕಟ್ಟುವುದು ನಿಲ್ಲಲಿಲ್ಲ, ಪಡೆಯುವವರು ಬದಲಾದರು ಅಷ್ಟೆ. ಬವೇರಿಯದ ರೈತರಿಗೆ ಆ ಹಳೆಯ ಹಂಗು ಕಳೆದದ್ದು 1848ರಲ್ಲಿ. ಮಠ ಮುಚ್ಚಿದ್ದಕ್ಕೂ ರೈತ ಉದ್ಧಾರವಾದದ್ದಕ್ಕೂ ಗಂಟು ಹಾಕಿದರೆ ಸುಮ್ನೆ ಸುಳ್ಳಾಗುತ್ತದೆ.

ಹಾಗೆ ನೋಡಿದರೆ ಫ್ರೌನ್‌ಹೋಫರ್ ಬಂದದ್ದೂ ಒಂದು ಅದೃಷ್ಟ. ಬವೇರಿಯದಲ್ಲಿ ಆಗ ಮುಚ್ಚಿದ ಎಷ್ಟೋ ಮಠಗಳಿಗೆ ಉಟ್ಸ್‌ಷ್ನೈಡರ್ ಸಿಗಲಿಲ್ಲ. ಕೆಲವನ್ನು ಕಲ್ಲಿಗಾಗಿ ಕೆಡವಿ ಮಾರಿದರು. ಬೆನೆಡಿಕ್ಟ್‌ಬಾಯರ್ನ್ ಕೂಡ ಆಮೇಲೆ ಸರ್ಕಾರದ ಕೈಸೇರಿ ಸೈನ್ಯದ ಕುದುರೆ ಸಾಕುವ ಜಾಗವಾಯಿತು, ಬ್ಯಾರಕ್ ಆಯಿತು. 1930ರಲ್ಲಿ ಡಾನ್ ಬಾಸ್ಕೋ ಸಲೇಷಿಯನ್ ಪಾದ್ರಿಗಳು ಬಂದರು. ಬೆಂಗಳೂರಿನಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಡಾನ್ ಬಾಸ್ಕೋ ಅವರೂ ಇದೇ ಸಂಘದವರು. ನೀವು ಅಂಗಳದಲ್ಲಿ ನೋಡಿದ ಮಕ್ಕಳು ಬಹುಶಃ ಅವರ ಯುವ ವಸತಿಗೃಹಕ್ಕೋ, ಪರಿಸರ ಶಿಬಿರಕ್ಕೋ ಬಂದವರು. ಜವುಗು ನೆಲದಲ್ಲಿ ಅವರನ್ನು ಓಡಾಡಿಸಿ ಗಿಡ, ಹಕ್ಕಿ ತೋರಿಸುತ್ತಾರೆ.

2023ರ ಆಗಸ್ಟ್ 26ರಂದು ಆ ಊರಿನ ಮೇಲೆ ಭಯಂಕರ ಆಲಿಕಲ್ಲು ಬಿತ್ತು. ಟೆನ್ನಿಸ್ ಚೆಂಡಿನಷ್ಟು ದಪ್ಪದವು. ಮಠದ ಹೆಂಚು ಒಡೆದವು, ಕಿಟಕಿ ಗಾಜು ಪುಡಿಯಾದವು, ಮಳೆ ನೀರು ಒಳಗೆ ನುಗ್ಗಿತು. ಊರಿನ ಮನೆಗಳಿಗೂ ಅದೇ ಗತಿ. ಸ್ವಯಂಸೇವಕ ಅಗ್ನಿಶಾಮಕ ದಳದವರು ಚಾವಣಿ ಹತ್ತಿ ಟಾರ್ಪಾಲ್ ಹೊದಿಸಿದರು. ನಷ್ಟ ಕೋಟಿಗಟ್ಟಲೆ ಯೂರೋ. ಮೂರೂವರೆ ಸಾವಿರ ಜನರ ಊರು ಅಷ್ಟು ದೊಡ್ಡ ಕಟ್ಟಡವನ್ನು ಹೊತ್ತುಕೊಂಡಿರುವುದು ಎಂದರೆ ಏನು ಎಂದು ಆ ಸುದ್ದಿ ಓದಿದಾಗ ನನಗೆ ಅರ್ಥವಾಯಿತು. ಇಂಥ ಜಾಗ ಉಳಿಯಬೇಕಾದರೆ ಅಲ್ಲಿ ದಿನಾ ಯಾರಾದರೂ ಏನಾದರೂ ಮಾಡುತ್ತಿರಬೇಕು. ಸನ್ಯಾಸಿಗಳು, ಗಾಜಿನವರು, ಮಕ್ಕಳ ಶಿಬಿರದವರು, ಎಲ್ಲರೂ ಅದನ್ನೇ ಮಾಡಿದರು. ನಾವು ಅಷ್ಟು ಪುಟ ಕೊಟ್ಟದ್ದಕ್ಕೆ ಕಾರಣ ಇದು.

ಮಾರ್ಚ್‌ನಲ್ಲಿ ಮತ್ತೆ ಮಗಳ ಮನೆಗೆ ಹೋಗುತ್ತೀರಿ ಎಂದಿದ್ದೀರಿ. ಮ್ಯೂನಿಕ್‌ನಿಂದ ಕೋಖೆಲ್ ಕಡೆಗೆ ಹೋಗುವ ರೈಲು ಹತ್ತಿ, ಬೆನೆಡಿಕ್ಟ್‌ಬಾಯರ್ನ್ ನಿಲ್ದಾಣದಲ್ಲಿ ಇಳಿಯಿರಿ. ಮೊದಲು ಗಾಜಿನ ಕಾರ್ಖಾನೆ, ಆಮೇಲೆ ಚರ್ಚು. ಚರ್ಚಿನ ಪಕ್ಕದ ಅನಸ್ತಾಸಿಯ ಗುಡಿಯನ್ನು ಬಿಡಬೇಡಿ, ತಲೆನೋವಿನವರು ಹರಕೆ ಹೊರುವ ಜಾಗ ಅದು. ಹಸ್ತಪ್ರತಿಯನ್ನು ಮಾತ್ರ ಅಲ್ಲಿ ಹುಡುಕಬೇಡಿ. ಅದರ ಪುಟಗಳನ್ನು ಮ್ಯೂನಿಕ್ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ, ಮನೆಯಲ್ಲೇ ಕುಳಿತು ನೋಡಬಹುದು. ಮೊದಲ ಪುಟದಲ್ಲೇ ಅದೃಷ್ಟದ ಚಕ್ರದ ಚಿತ್ರವಿದೆ. ನೋಡಿ ಬಂದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

— ಸಂಪಾದಕ